ದವಡೆಯ ಹಿಡಿತ

ತಾನು ಹೇಳಿದ್ದು ನಿಜವಾಗಲಿ ಎಂದು ದೇವರ ಮುಂದೆ ಕೈಮುಗಿಯುವವರು ಎಲ್ಲೆಲ್ಲೂ ಸಿಗುತ್ತಾರೆ. ತನ್ನ ಲೆಕ್ಕ ಸುಳ್ಳಾಗಲಿ, ಕಲಿತ ವಿದ್ಯೆಯೆಲ್ಲ ನೀರುಪಾಲಾಗಲಿ, ನಾಲ್ಕು ಜನರೆದುರು ತನಗೆ ಮುಖಭಂಗವಾಗಲಿ ಎಂದು ಹಣೆಯನ್ನು ನೆಲಕ್ಕೆ ಹಚ್ಚಿ ಬೇಡಿಕೊಂಡವಳು ಇವಳೊಬ್ಬಳೇ ಇರಬೇಕು. ಮೇಲಿರುವವನು ಅದನ್ನು ಕೇಳಿಸಿಕೊಂಡನೋ ಇಲ್ಲವೋ, ಕಥೆಯೇ ಹೇಳಲಿ.

ಪ್ರಯೋಗಶಾಲೆಯಲ್ಲಿ ಅವಳನ್ನು ಲೆಕ್ಕದಮ್ಮ ಎಂದೇ ಕರೆಯುತ್ತಿದ್ದರು. ಹೆಸರಿಟ್ಟವನು ಅಲ್ಲಿನ ಫಿಟ್ಟರ್. ಯಂತ್ರಗಳಿಗೆ ಎಣ್ಣೆ ಬಿಡುತ್ತ, ಬಾಯಿಗೆ ಬಂದದ್ದು ಆಡುತ್ತ ತಲೆ ನರೆಸಿಕೊಂಡವನು. ಅವಳ ಕೆಲಸವೆಂದರೆ ಕಾಂಕ್ರೀಟಿನ ಮೈಯೊಳಗೆ ನಡೆಯುವುದನ್ನು ಕಂಪ್ಯೂಟರಿನಲ್ಲಿ ಲೆಕ್ಕದ ಮಾದರಿಯಾಗಿ ಕಟ್ಟುವುದು. ಇಷ್ಟು ಭಾರ ಬಿದ್ದರೆ ಎಲ್ಲಿ ಬಿರುಕು ಬಿಡುತ್ತದೆ, ಎಷ್ಟು ಬಾಗುತ್ತದೆ, ಯಾವಾಗ ಕೈಕೊಡುತ್ತದೆ ಎಂಬುದನ್ನು ಕಟ್ಟುವ ಮೊದಲೇ ಹೇಳಬೇಕು.

"ಕಾಂಕ್ರೀಟಿಗೆ ಕಣಿ ಹೇಳೋರು ನೀವು," ಎನ್ನುತ್ತಿದ್ದ ಫಿಟ್ಟರ್. "ನಮ್ಮನೇಲಿ ಒಂದು ಹಳೇ ಗೋಡೆ ಇದೆ. ನಮ್ಮತ್ತೆ ಮೇಲೆ ಯಾವಾಗ ಬೀಳುತ್ತೆ ಅಂತ ಸ್ವಲ್ಪ ನೋಡಿ ಹೇಳಿ."

"ನಿಮ್ಮತ್ತೆ ಅಂಗಡಿಗೆ ಹೋಗಿ, ನೀವು ಅದಕ್ಕೆ ಒರಗಿ ಕೂತಾಗ," ಎನ್ನುತ್ತಿದ್ದಳು ಅವಳು, ತಲೆ ಎತ್ತದೆ.

ಆ ಕಾಂಕ್ರೀಟು ನಾವು ನೀವು ಕಂಡದ್ದಲ್ಲ. ಕಬ್ಬಿಣದ ಸರಳಿನ ಬದಲು ಕಾರ್ಬನ್ ನೂಲಿನಲ್ಲಿ ನೇಯ್ದ ಬಲೆಯನ್ನು ಒಳಗಿಟ್ಟು ಎರಕ ಹೊಯ್ದದ್ದು. ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ. ಅದನ್ನು ಕಾಪಾಡಲು ದಪ್ಪನೆಯ ಹೊದಿಕೆ ಬೇಕು. ನೂಲಿಗೆ ಆ ಭಯವಿಲ್ಲ, ಹೆಬ್ಬೆರಳ ದಪ್ಪದ ಹಲಗೆಯಲ್ಲೂ ನೆಮ್ಮದಿಯಾಗಿ ಮಲಗಿರುತ್ತದೆ. ಆದರೆ ಒಂದು ನೂಲೆಂದರೆ ಕೂದಲಿಗಿಂತ ಸಣ್ಣ ಸಾವಿರಾರು ಎಳೆಗಳ ಕಟ್ಟು. ಸಿಮೆಂಟಿನ ಪಾಕ ಹೊರಗಿನ ಎಳೆಗಳನ್ನು ಕಚ್ಚಿಕೊಳ್ಳುತ್ತದೆ, ಒಳಗಿನವುಗಳ ತನಕ ಹೋಗುವುದಿಲ್ಲ. ಜಗ್ಗಿದಾಗ ಹೊರಗಿನವು ಭಾರ ಹೊರುತ್ತವೆ. ಒಳಗಿನವು ಪಕ್ಕದವುಗಳಿಗೆ ಮೈ ತಾಗಿಸಿಕೊಂಡು, ತಮ್ಮ ಕೈಲಾದಷ್ಟು ಹೊರುತ್ತವೆ. ಕೈಲಾದಷ್ಟು ಎಂದರೆ ಎಷ್ಟು? ಇಡೀ ಮಾದರಿಯ ಜೀವ ಇದ್ದದ್ದು ಆ ಒಂದು ಅಂಕಿಯಲ್ಲಿ.

ಪ್ರಯೋಗಶಾಲೆ ಕಟ್ಟಿ ಬೆಳೆಸಿದವರು ಅವಳ ಮಾವ, ಎಂದರೆ ಗಂಡನ ತಂದೆ. ಅಲ್ಲಿ ಅವರು ದೊಡ್ಡ ಮೇಷ್ಟ್ರು. ಮದುವೆಯಾದ ಎರಡನೆಯ ವರ್ಷ ಗಂಡ ಜ್ವರದಲ್ಲಿ ತೀರಿಕೊಂಡಾಗ ಅವಳು ಗೋಡೆ ನೋಡುತ್ತ ಕೂತುಬಿಟ್ಟಿದ್ದಳು. ತೌರಿನವರು ಬಂದು ಕರೆದರೂ ಏಳಲಿಲ್ಲ. ಆಗ ಮಗನನ್ನು ಮಣ್ಣಿಗಿಟ್ಟು ಬಂದಿದ್ದ ಆ ಮನುಷ್ಯನೇ ಬಾಗಿಲಲ್ಲಿ ನಿಂತು, "ಏಳು ಮಗಳೇ, ಲ್ಯಾಬಿಗೆ ಬಾ. ಅಳೋದಿದ್ರೆ ಅಲ್ಲೇ ಅಳು. ಯಂತ್ರದ ಸದ್ದಲ್ಲಿ ಯಾರಿಗೂ ಕೇಳಿಸಲ್ಲ. ನಾನೂ ಅಲ್ಲೇ ಅಳೋದು," ಎಂದಿದ್ದರು. ಅವಳು ಎದ್ದು ಹೋದಳು. ಅಳುತ್ತಲೇ ಕಲಿತಳು, ಕಲಿಯುತ್ತ ಅಳು ನಿಂತಿತು. ಅತ್ತೆ ಇಬ್ಬರಿಗೂ ಒಂದೇ ಡಬ್ಬಿಯಲ್ಲಿ ಊಟ ಕಟ್ಟಿಕೊಡುತ್ತಿದ್ದರು. ಮಗ ಹೋದ ಮನೆಯಲ್ಲಿ ಮಗಳೊಬ್ಬಳು ಹಾಗೆ ಹುಟ್ಟಿದ್ದಳು.

ಮಾವ ಮಾಡಿದ ಕೆಲಸಗಳಲ್ಲೆಲ್ಲ ಅವರಿಗೆ ಹೆಮ್ಮೆಯದ್ದು ಯಂತ್ರದ ದವಡೆ. ಕಾಂಕ್ರೀಟಿನ ತೆಳು ಪಟ್ಟಿಯನ್ನು ಎರಡೂ ತುದಿಯಲ್ಲಿ ಕಚ್ಚಿ ಹಿಡಿದು, ತುಂಡಾಗುವ ತನಕ ಜಗ್ಗುವ ಯಂತ್ರವದು. ಬೇರೆ ಕಡೆಗಳಲ್ಲಿ ಪಟ್ಟಿ ತುಂಡಾಗುವ ಮೊದಲೇ ನೂಲು ಜಾರಿಬಿಡುತ್ತಿತ್ತು, ಪರೀಕ್ಷೆ ಕೆಡುತ್ತಿತ್ತು. ಮಾವ ಅಗಲವಾದ, ಉದ್ದವಾದ ಉಕ್ಕಿನ ದವಡೆ ಮಾಡಿಸಿ, ದಪ್ಪ ಬೋಲ್ಟುಗಳಲ್ಲಿ ಬಿಗಿದರು. ಆಮೇಲೆ ಜಾರುವ ಮಾತೇ ಇಲ್ಲ. ಪಟ್ಟಿಗಳು ಒಂದರ ಹಿಂದೊಂದು ಹೆಚ್ಚುಕಡಿಮೆ ಒಂದೇ ಭಾರಕ್ಕೆ ತುಂಡಾಗುತ್ತಿದ್ದವು. ಎಂದೋ ಒಮ್ಮೆ ಬೋಲ್ಟು ಸಡಿಲಾಗಿ ಯಾವುದಾದರೂ ಪಟ್ಟಿ ಜಾರಿದರೆ, ಅದನ್ನು ಮೂಲೆಯ ತಗಡಿನ ಡಬ್ಬಕ್ಕೆ ಎಸೆದು ಹೊಸದನ್ನು ಕಚ್ಚಿಸುತ್ತಿದ್ದರು. "ಜಾರಿದ್ದು ಲೆಕ್ಕಕ್ಕಿಲ್ಲ." ದೊಡ್ಡ ಮೇಷ್ಟ್ರ ಈ ಮಾತನ್ನು ಅಲ್ಲಿಗೆ ಕಲಿಯಲು ಬಂದವರೆಲ್ಲ ಮೊದಲ ವಾರದಲ್ಲೇ ಬಾಯಿಪಾಠ ಮಾಡುತ್ತಿದ್ದರು.

ಆ ದವಡೆ ಕೊಟ್ಟ ಅಂಕಿಯನ್ನು ಅವಳು ತನ್ನ ಮಾದರಿಯೊಳಗಿಟ್ಟಳು. ಆ ಮಾದರಿಯ ಮಾತು ನಂಬಿ ಕಾಲುವೆಯ ಮೇಲೆ ಒಂದು ಕಾಲ್ಸೇತುವೆ ಎದ್ದಿತು. ಈ ದಡದಲ್ಲಿ ಮನೆಗಳು, ಆ ದಡದಲ್ಲಿ ಆಸ್ಪತ್ರೆ, ಸಂತೆ. ಎಷ್ಟು ತೆಳುವೆಂದರೆ, ದೂರದಿಂದ ಯಾರೋ ಗಾಳಿಯಲ್ಲಿ ಸೀಸದ ಕಡ್ಡಿಯಿಂದ ಗೆರೆ ಎಳೆದ ಹಾಗೆ ಕಾಣುತ್ತಿತ್ತು. ಪ್ರಯೋಗಶಾಲೆಯ ಹೊರಗೆ, ಬದುಕಿನಲ್ಲಿ ಮಾವ ಕಟ್ಟಿದ್ದು ಅದೊಂದೇ. ಉಳಿದದ್ದೆಲ್ಲ ಕಾಗದ. ಸೇತುವೆ ಜನರಿಗೆ ತೆರೆಯುವ ಹೊತ್ತಿಗೆ ಅವರ ಶ್ವಾಸಕೋಶ ಕೆಟ್ಟು, ಮೂಗಿಗೆ ಆಕ್ಸಿಜನ್ ನಳಿಗೆ ಬಂದಿತ್ತು. ದಾಟಲಾಗಲಿಲ್ಲ. ಮಂಚವನ್ನು ಕಿಟಕಿಗೆ ತಿರುಗಿಸಿಕೊಂಡು ಬೆಳಗಿನಿಂದ ಸಂಜೆಯವರೆಗೆ ಜನ ದಾಟುವುದನ್ನು ನೋಡುತ್ತಿದ್ದರು. ಅತ್ತೆ ತರಕಾರಿಗೆ ಹೋದರೆ ನಡುಸೇತುವೆಯಲ್ಲಿ ನಿಂತು ಕಿಟಕಿಯತ್ತ ಚೀಲ ಎತ್ತಿ ತೋರಿಸುವುದು, ಮಾವ ನಗುವುದು, ನಗುವಿಗೆ ಕೆಮ್ಮು ಬರುವುದು, ಇದು ಆ ಮನೆಯ ನಿತ್ಯದ ಆಟ.

ಒಂದು ದಿನ ದೊಡ್ಡ ದವಡೆಯ ಬೋಲ್ಟಿನ ತಿರುಪು ಸವೆದು ಹೋಯಿತು. ಹೊಸದು ಬರಲು ತಡವಾಗುತ್ತದೆಂದು ಫಿಟ್ಟರ್ ಹಳೆಯ ಯಂತ್ರವೊಂದರ ಗಿಡ್ಡ ದವಡೆಯನ್ನು ತಂದು ಕೂರಿಸಿದ. ಆವತ್ತು ಕಚ್ಚಿಸಿದ ಪಟ್ಟಿಗಳೆಲ್ಲ ಜಾರಿದವು.

"ಹಲ್ಲಿಲ್ಲದ ಮುದುಕನಿಗೆ ಮೂಳೆ ಕೊಟ್ಟ ಹಾಗಾಯ್ತು," ಎಂದು ಗೊಣಗುತ್ತ ಫಿಟ್ಟರ್ ಒಂದೊಂದನ್ನೇ ಡಬ್ಬಕ್ಕೆ ಎಸೆಯುತ್ತಿದ್ದ. ತಗಡಿನ ಸದ್ದಿಗೆ ಅವಳು ತಲೆ ಎತ್ತಿದಳು. ಯಾಕೋ ಎದ್ದು ಹೋಗಿ ಒಂದು ಪಟ್ಟಿಯನ್ನು ಕೈಗೆತ್ತಿಕೊಂಡಳು.

ಅದರ ತುದಿಯಲ್ಲಿ ನೂಲಿನ ಹೊರಗಿನ ಎಳೆಗಳು ತುಂಡಾಗಿದ್ದವು. ಒಳಗಿನವು ತುಂಡಾಗಿರಲಿಲ್ಲ. ಒರೆಯಿಂದ ಚೂರಿ ಹಿರಿದಂತೆ ಹಾಗೇ ಹೊರಬಂದಿದ್ದವು, ಕಪ್ಪಗೆ, ನುಣ್ಣಗೆ, ಸಿಮೆಂಟಿನ ಒಂದು ಕಲೆಯೂ ಇಲ್ಲದೆ. ಅವಳು ನೂಲನ್ನು ಒಂದು ಕೈಯಿಂದ ಒತ್ತಿ ಹಿಡಿದು, ಇನ್ನೊಂದರಿಂದ ಎಳೆಗಳನ್ನು ಜಗ್ಗಿದಳು: ಜಾರಲಿಲ್ಲ. ಬಿಟ್ಟಳು: ಜಾರಿದವು. ಮತ್ತೆ ಒತ್ತಿದಳು. ಬಿಟ್ಟಳು.

"ಏನು ಲೆಕ್ಕದಮ್ಮ, ಪುಟ್ಟ ಮಗು ಹಾಗೆ ಆಡ್ತಿದ್ದೀರಿ?" ಎಂದ ಫಿಟ್ಟರ್.

ಅವಳಿಗೆ ಆಗ ಹೊಳೆಯಿತು. ಒಳಗಿನ ಎಳೆಗಳನ್ನು ಈ ತನಕ ಹಿಡಿದಿಟ್ಟದ್ದು ಕಾಂಕ್ರೀಟಲ್ಲ, ಮಾವನ ದವಡೆ. ಉಕ್ಕಿನ ಆ ಅಮುಕಿಗೆ ಸಾವಿರಾರು ಎಳೆಗಳೂ ಒಂದಾಗಿ ಭಾರ ಹೊತ್ತಿದ್ದವು. ಅವಳು ಆ ಹಿಡಿತವನ್ನು ಕಾಂಕ್ರೀಟಿನ ಗುಣವೆಂದು ನಂಬಿ ಸೇತುವೆಗೆ ಕೊಟ್ಟಿದ್ದಳು. ಸೇತುವೆಯ ನಡುವಿನ ಹತ್ತಿರ, ಒಂದು ಬಲೆಯ ಸುರುಳಿ ಮುಗಿದು ಇನ್ನೊಂದು ಶುರುವಾಗುವಲ್ಲಿ, ಬಲೆಯ ಮೇಲೆ ಬಲೆ ಹಾಸಿ ಎರಕ ಹೊಯ್ದಿದ್ದರು. ಎಷ್ಟು ದೂರ ಹಾಸಬೇಕೆಂದು ಹೇಳಿದ್ದು ಅವಳ ಮಾದರಿ. ಅಲ್ಲಿ ದವಡೆ ಎಲ್ಲಿದೆ? ಬೋಲ್ಟು ಎಲ್ಲಿದೆ? ಅಲ್ಲಿ ಆ ಎಳೆಗಳನ್ನು ಅಮುಕಿ ಹಿಡಿಯುವವರು ಯಾರೂ ಇಲ್ಲ.

ಸಂಜೆಯೊಳಗೆ ಮಾದರಿಯಲ್ಲಿ ಅಂಕಿ ಬದಲಿಸಿ ನೋಡಿದಳು. ಹತ್ತಾರು ಜನ ಬಂದು ಹೋಗುವ ದಿನ ಸೇತುವೆಗೆ ಏನೂ ಆಗುವುದಿಲ್ಲ. ಸಂತೆಯಿಂದಲೋ ಆಸ್ಪತ್ರೆಯಿಂದಲೋ ಜನ ಒಮ್ಮೆಗೇ ನುಗ್ಗಿ ಸೇತುವೆ ತುಂಬಿದ ದಿನ, ಬಲೆಗೆ ಬಲೆ ಸೇರಿದ ಆ ಹೊಲಿಗೆ ಬಿಚ್ಚಿಕೊಳ್ಳುತ್ತದೆ. ಅದೂ ಮುನ್ಸೂಚನೆ ಇಲ್ಲದೆ. ಇಂಥ ಕಾಂಕ್ರೀಟು ಸೋಲುವ ಮೊದಲು ಮೈತುಂಬ ಸಣ್ಣ ಸಣ್ಣ ಬಿರುಕು ಬಿಟ್ಟು ಎಚ್ಚರಿಸುತ್ತದೆ ಎಂದು ಅವಳೇ ಎಷ್ಟೋ ಸಭೆಗಳಲ್ಲಿ ಹೇಳಿದ್ದಳು.

ಮನೆಗೆ ಬಂದು ಮಾವನ ಮಂಚದ ತುದಿಯಲ್ಲಿ ಕೂತು ಆ ಪಟ್ಟಿಯನ್ನು ಅವರ ಕೈಗಿಟ್ಟಳು. ವಿವರಿಸಬೇಕಾಗಲಿಲ್ಲ. ಅವರ ಹೆಬ್ಬೆರಳು ತಾನೇ ಎಳೆಗಳ ಮೇಲೆ ಹೋಯಿತು. ಒತ್ತಿದರು, ಬಿಟ್ಟರು.

"ಹೊಲಿಗೆ ಹತ್ರ?" ಎಂದರು.

"ಹ್ಞೂಂ ಮಾವ."

"ಎಷ್ಟಕ್ಕೆ?"

ಹೇಳಿದಳು. ಅವರು ಕಣ್ಣು ಮುಚ್ಚಿದರು.

"ಅಷ್ಟು ಜನ ಒಟ್ಟಿಗೆ ಬರಲ್ಲ ಬಿಡು. ಈ ಮೂಲೆಗೆ ಅಷ್ಟು ಜನ ಎಲ್ಲಿಂದ ಬರ್ತಾರೆ?"

"ಬಂದ್ರೆ ಮಾವ?"

"ನೀನು ಯಾರಿಗಾದ್ರೂ ಹೇಳಿದ್ಯಾ?"

"ಇಲ್ಲ. ಮೊದಲು ನಿಮಗೆ."

ಅವರು ಕಿಟಕಿಯತ್ತ ತಿರುಗಿದರು. ಒಬ್ಬಳು ತಾಯಿ ಮಗುವಿನ ಗಾಡಿ ತಳ್ಳಿಕೊಂಡು ಸೇತುವೆ ದಾಟುತ್ತಿದ್ದಳು. "ಡಾಕ್ಟರ್ ಏನಂದ್ರು ಅಂತ ನಿಮ್ಮತ್ತೆ ನನಗೆ ಹೇಳಲ್ಲ. ಆದ್ರೆ ನನಗೆ ಗೊತ್ತು ಕಣಮ್ಮ. ಜಾಸ್ತಿ ದಿನ ಇಲ್ಲ. ಅಷ್ಟು ದಿನ ಇರಲಿ ಬಿಡು ಅದು. ನಾನು ಹೋದ ಮೇಲೆ ಏನಾದ್ರೂ ಮಾಡ್ಕೋ. ಮುಚ್ಚು, ಕೆಡವು, ನನ್ನದೇ ತಪ್ಪು ಅಂತ ಡಂಗುರ ಹೊಡೆಸು. ನಾನು ನೋಡೋ ಹಾಗೆ ಮಾಡಬೇಡ."

ಜನ್ಮದಲ್ಲಿ ಅವರು ಅವಳನ್ನು ಏನೂ ಕೇಳಿದವರಲ್ಲ. ಅವಳು ಅವರ ಕಾಲ ಮೇಲೆ ತಲೆಯಿಟ್ಟಳು. ಹೊದಿಕೆಯಡಿ ಆ ಕಾಲು ಕಡ್ಡಿಯಂತಿತ್ತು. "ಮಾವ, ಅತ್ತೆ ದಿನಾ ಅದರ ಮೇಲೇ ಹೋಗ್ತಾರೆ," ಎಂದಳು.

ಬಾಗಿಲ ಬಳಿ ಅತ್ತೆ ನಿಂತಿದ್ದರು, ಕೈಯಲ್ಲಿ ಔಷಧಿಯ ಲೋಟ. "ನನ್ನ ನೆಪ ಮಾಡಬೇಡ," ಎಂದರು. "ನಾನು ಅದರ ಮೇಲೆ ಸತ್ರೂ ಚಿಂತೆಯಿಲ್ಲ. ಸಾಯೋ ಮನುಷ್ಯನ ಕಣ್ಣು ಕೀಳಬೇಡ ಕಣೇ."

ಆ ರಾತ್ರಿ ಅವಳು ಏನು ಯೋಚಿಸಿದಳೋ, ಬೆಳಗಾದಾಗ ಅವಳು ಯೋಚಿಸಿ ಮುಗಿಸಿದ್ದಳು. ನಗರಸಭೆಗೆ ಹೋದಳು. ಮಧ್ಯಾಹ್ನದೊಳಗೆ ಸೇತುವೆಯ ಎರಡೂ ತುದಿಗೆ ಅಡ್ಡಗಂಬ ಬಿತ್ತು. ಮನೆಗೆ ಬಂದರೆ ಮಾವ ಕಿಟಕಿಯಲ್ಲಿ ಖಾಲಿ ಸೇತುವೆಯನ್ನು ನೋಡುತ್ತಿದ್ದರು. ಅತ್ತೆ ತಟ್ಟೆಯಲ್ಲಿ ಅವಳ ಊಟ ಹಾಕಿಟ್ಟಿದ್ದರು. ಆದರೆ ಊಟಕ್ಕೆ ಬಾ ಎನ್ನಲಿಲ್ಲ. ಅಂದಿನಿಂದ ಆ ಮನೆಯಲ್ಲಿ ಅವಳಿಗೆ ಊಟವಿತ್ತು, ಮಾತಿರಲಿಲ್ಲ.

ನಗರಸಭೆಯ ಎಂಜಿನಿಯರ್ ಒಳ್ಳೆಯ ಮನುಷ್ಯ. ಬೆವರು ಒರೆಸಿಕೊಳ್ಳುತ್ತ ಬಂದ. "ಮೇಡಂ, ಅವತ್ತು ಗಟ್ಟಿ ಇದೆ ಅಂದ್ರಿ, ಇವತ್ತು ಇಲ್ಲ ಅಂತೀರಿ. ನಾನು ಯಾವ ಮೇಡಂನ ನಂಬಲಿ? ಭಾರ ಹೇರಿ ನೋಡೋಣ. ನಿಂತ್ರೆ ನಾಳೆನೇ ತೆರೀತೀನಿ. ಬಿದ್ರೆ ಗುಡಿಸಿ ಹಾಕ್ತೀನಿ."

ನಿಂತರೆ ತೆರೆಯುತ್ತೇನೆ. ಈ ಒಂದು ಮಾತು ಅವಳ ಎದೆಯಲ್ಲಿ ದೀಪದಂತೆ ಉಳಿಯಿತು. ಮಾದರಿಯೆಂದರೆ ಮಾದರಿ, ದೇವರ ವಾಕ್ಯವಲ್ಲ. ಅವಳು ಕಾಣದ ಯಾವುದೋ ಬಲ ಆ ಹೊಲಿಗೆಯಲ್ಲಿರಬಹುದು. ಎರಕ ಹೊಯ್ದವರ ಕೈ ಒಂದು ಗೇಣು ಹೆಚ್ಚು ಬಲೆ ಹಾಸಿರಬಹುದು. ಪಾಕ ಅಂದುಕೊಂಡದ್ದಕ್ಕಿಂತ ಒಳಕ್ಕೆ ಇಳಿದಿರಬಹುದು. ಅವಳು ಪ್ರಾರ್ಥನೆಗೆ ಕೂತಳು. ಚಿಕ್ಕಂದಿನಿಂದಲೂ ದಿನಾ ಕೂತವಳೇ. ಆದರೆ ಹೀಗೆ ಎಂದೂ ಬೇಡಿರಲಿಲ್ಲ. ನನ್ನನ್ನು ಸೋಲಿಸು. ಲೆಕ್ಕ ಬಾರದವಳು ಎನ್ನಿಸು. ನಾಳೆ ಆ ಫಿಟ್ಟರ್ ನನ್ನ ಮುಖ ನೋಡಿ ನಗುವ ಹಾಗೆ ಮಾಡು. ನಿನಗೆ ಏನು ಕಷ್ಟ ಅದು?

ಪರೀಕ್ಷೆಯ ದಿನ ಬಿಸಿಲು ಚೆನ್ನಾಗಿತ್ತು. ಸೇತುವೆ ಕುಸಿದರೆ ಹಿಡಿಯಲೆಂದು ಅದರ ಹೊಟ್ಟೆಯಡಿ ಕಬ್ಬಿಣದ ಕೊಳವೆಗಳ ಅಟ್ಟ ಕಟ್ಟಿದ್ದರು, ಮುಟ್ಟದ ಹಾಗೆ ಅಂಗೈ ಅಂತರ ಬಿಟ್ಟು. ಮೇಲೆ ಸಾಲಾಗಿ ರಬ್ಬರಿನ ಚೀಲಗಳು. ಕಾಲುವೆಯ ನೀರನ್ನೇ ಪಂಪಿನಲ್ಲಿ ಎತ್ತಿ ಅವುಗಳಿಗೆ ತುಂಬಿಸುವುದು. ಹೊರಡುವಾಗ ಅತ್ತೆ ಮಾವನ ಕಿಟಕಿಯ ಪರದೆ ಎಳೆಯುವುದನ್ನು ಅವಳು ನೋಡಿದ್ದಳು. ದಡದಲ್ಲಿ ನಿಂತು ಅವಳು, ಸೇತುವೆ ಬಾಗಿದ್ದೆಷ್ಟು ಎಂದು ತೋರಿಸುವ ಮುಳ್ಳನ್ನೇ ನೋಡುತ್ತಿದ್ದಳು.

ಚೀಲಗಳು ಉಬ್ಬತೊಡಗಿದವು. ಸೇತುವೆ ಸ್ವಲ್ಪ ಬಾಗಿತು, ಎಷ್ಟು ಬಾಗಬೇಕೋ ಅಷ್ಟು. ಇನ್ನಷ್ಟು ನೀರು. ನಿಂತಿತ್ತು. ಇನ್ನಷ್ಟು. ಅವಳು ಹೇಳಿದ ಭಾರದ ಹತ್ತಿರ ಬಂದಾಗ ಎಂಜಿನಿಯರ್ ಕೈ ಎತ್ತಿ ಪಂಪು ನಿಲ್ಲಿಸಿದ. ಮುಳ್ಳು ಅಲುಗಲಿಲ್ಲ. ಮತ್ತೆ ಪಂಪು. ಅವಳು ಹೇಳಿದ ಭಾರ ಬಂತು. ದಾಟಿತು. ಎಂಜಿನಿಯರ್ ಮತ್ತೆ ಕೈ ಎತ್ತಿದ, ಪಂಪು ನಿಂತಿತು.

"ಲೆಕ್ಕದಮ್ಮ ಸೋತ್ರು!" ಎಂದು ಫಿಟ್ಟರ್ ಟೋಪಿ ಮೇಲಕ್ಕೆ ಎಸೆದ. "ಇನ್ನು ನಮ್ಮನೆ ಗೋಡೆ ವಿಷಯ ನಿಮ್ಮನ್ನ ಕೇಳಲ್ಲ, ಬಿಡಿ!"

ಅವಳು ನಕ್ಕಳು. ಎಷ್ಟೋ ದಿನಗಳ ಮೇಲೆ ಬಂದ ನಗು. ಕಣ್ಣಲ್ಲಿ ನೀರು ತುಂಬಿ ಮುಳ್ಳು ಮಂಜಾಯಿತು. ಮನಸ್ಸು ಆಗಲೇ ಮನೆಯ ಮೆಟ್ಟಿಲು ಹತ್ತಿ, ಪರದೆ ಸರಿಸಿ, 'ಮಾವ, ನೋಡಿ, ನಾನು ದಡ್ಡಿ' ಎಂದು ಹೇಳುತ್ತಿತ್ತು. ಅವಳು ಕಣ್ಣು ಒರೆಸಿಕೊಂಡಳು. ಮುಳ್ಳು ಚಲಿಸುತ್ತಿತ್ತು.

ಪಂಪು ನಿಂತೇ ಇತ್ತು. ಒಂದು ಹನಿ ನೀರೂ ಮೇಲೆ ಹೋಗುತ್ತಿರಲಿಲ್ಲ. ಆದರೂ ಮುಳ್ಳು, ಯಾರೋ ಮೆಲ್ಲಗೆ ಬೆರಳು ಹಚ್ಚಿ ತಳ್ಳಿದಂತೆ, ಕೆಳಗೆ ಇಳಿಯುತ್ತಿತ್ತು. ಹೊಲಿಗೆಯ ಬಳಿ ಒಂದೇ ಒಂದು ಬಿರುಕು ಬಾಯಿ ಬಿಟ್ಟಿತು. ಬೇರೆಲ್ಲೂ ಒಂದು ಗೀರಿರಲಿಲ್ಲ. ಮುರಿಯುವ ಸದ್ದೂ ಬರಲಿಲ್ಲ. ಒಣ ಹುಲ್ಲಿನ ಮೇಲೆ ಸೀರೆ ಎಳೆದಂತೆ ಒಂದು ಸರಸರ. ಆಮೇಲೆ ಸೇತುವೆ ನಡುವಿನಲ್ಲಿ ಮಡಿಚಿಕೊಂಡು ಅಟ್ಟದ ಮೇಲೆ ಕೂತಿತು. ಒಂದು ಚೀಲ ಒಡೆದು, ಕಾಲುವೆಯ ನೀರು ಕಾಲುವೆಗೇ ಸುರಿಯಿತು.

ಫಿಟ್ಟರ್ ತನ್ನ ಟೋಪಿಯನ್ನು ನೆಲದಿಂದ ಎತ್ತಿಕೊಂಡ. ಹಾಕಿಕೊಳ್ಳಲಿಲ್ಲ.

ಎಂಜಿನಿಯರ್ ಬಂದು ಅವಳ ಕೈ ಹಿಡಿದು ಕುಲುಕಿದ. "ನಿಮ್ಮ ಲೆಕ್ಕ ಸರಿಯಾಗಿತ್ತು ಮೇಡಂ. ಎಷ್ಟು ಜನರ ಜೀವ ಉಳಿಸಿದ್ರಿ!" ಆ ಜನರೆಲ್ಲ ಎಲ್ಲಿದ್ದಾರೆ ಎಂದು ಅವಳು ಸುತ್ತ ನೋಡಿದಳು. ಜನರಿಲ್ಲದಾಗ ಬಿದ್ದ ಸೇತುವೆಯಿಂದ ಉಳಿದ ಜೀವಗಳಿಗೆ ಮುಖವಿರುವುದಿಲ್ಲ. ಅವಳಿಗೆ ಕಂಡದ್ದು ಆಚೆ, ಪರದೆ ಎಳೆದ ಒಂದು ಕಿಟಕಿ.

ಮಣ್ಣು ಅಂಟಿದ ಚಪ್ಪಲಿಯನ್ನು ಹೊರಗೆ ಬಿಟ್ಟು ಒಳಗೆ ಬಂದಳು. ಅತ್ತೆ ಅವಳ ಮುಖ ನೋಡಿ, ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತರು. ತೊಳೆಯಲು ಪಾತ್ರೆ ಒಂದೂ ಇರಲಿಲ್ಲ.

ಮಾವ ಎಚ್ಚರವಾಗಿದ್ದರು. ಕೆಲವು ದಿನಗಳಿಂದ ಅವರ ಮಾತು ಒಮ್ಮೆ ಇಲ್ಲಿ, ಒಮ್ಮೆ ಹಳೆಯ ಕಾಲದಲ್ಲಿ ಓಡಾಡುತ್ತಿತ್ತು. ಈಗ ಕಣ್ಣು ತಿಳಿಯಾಗಿತ್ತು.

"ಮುರೀತಾ, ಜಾರಿತಾ?" ಎಂದರು.

ನಿಂತಿತು ಎಂದುಬಿಡಬಹುದಿತ್ತು. ಪರದೆ ಹಾಗೇ ಇರುತ್ತಿತ್ತು. ಅದನ್ನು ಸರಿಸುವ ಶಕ್ತಿ ಅವರಿಗಿರಲಿಲ್ಲ, ಅತ್ತೆ ಸರಿಸುತ್ತಿರಲಿಲ್ಲ. ಅವಳು ಬಾಯಿ ತೆರೆದಳು. ಈ ಮನುಷ್ಯನೇ ಕಲಿಸಿದ ಬಾಯಿ ಅದು. ಸುಳ್ಳು ಅಂಕಿ ಹೇಳಲು ಅದಕ್ಕೆ ಬರುತ್ತಿರಲಿಲ್ಲ.

"ಜಾರಿತು, ಮಾವ."

ಅವರು ತಲೆಯಾಡಿಸಿದರು. ನೋವಾಯಿತೋ ಇಲ್ಲವೋ, ಮುಖದಲ್ಲಿ ಏನೂ ಕಾಣಲಿಲ್ಲ. ಅವರ ಕೈ ಹೊದಿಕೆಯ ಮೇಲೆ ತಡಕಾಡಿ ಅವಳ ಮಣಿಕಟ್ಟನ್ನು ಹಿಡಿಯಿತು. ಕಣ್ಣು ಮತ್ತೆ ಎಲ್ಲಿಗೋ ಹೊರಟುಹೋಗಿತ್ತು. ಪ್ರಯೋಗಶಾಲೆಯಲ್ಲಿ ಹೊಸಬರಿಗೆ ಹೇಳುತ್ತಿದ್ದ ದನಿಯಲ್ಲಿ, ಸಮಾಧಾನವಾಗಿ ಹೇಳಿದರು:

"ಜಾರಿದ್ದು ಲೆಕ್ಕಕ್ಕಿಲ್ಲ ಮಗಳೇ. ಡಬ್ಬಕ್ಕೆ ಹಾಕು. ದವಡೆ ಇನ್ನೂ ಸ್ವಲ್ಪ ಬಿಗಿ ಮಾಡಿ ಎಳಿ."

"ಆಗಲಿ ಮಾವ," ಎಂದಳು ಅವಳು. "ನಾಳೆ ಬಿಗಿ ಮಾಡಿಸ್ತೀನಿ."

ಅಡುಗೆಮನೆಯಲ್ಲಿ ನಲ್ಲಿಯ ನೀರು ಸುರಿಯುತ್ತಲೇ ಇತ್ತು. ಪ್ರಾರ್ಥನೆಯ ಹೊತ್ತಾಯಿತು, ಅವಳು ಏಳಲಿಲ್ಲ. ಮಣಿಕಟ್ಟಿನ ಮೇಲಿನ ಬೆರಳುಗಳು ನಿದ್ದೆಯಲ್ಲಿ ಒಂದೊಂದಾಗಿ ಸಡಿಲವಾಗುತ್ತಿದ್ದವು. ಅವಳು ಇನ್ನೊಂದು ಕೈಯಿಂದ ಅವುಗಳನ್ನು ಮುಚ್ಚಿ, ಅಮುಕಿ ಹಿಡಿದು ಕೂತಳು.